ಸೂಟ್‌ಕೇಸಿನಲ್ಲಿ ಎರಡು ಗಿಟುಕು

"ಮುಂಬೈಗೆ ಬಾ ಅಂತ ಕರೆದವ್ರೆ," ಎಂದು ಸೌಂದರ್ಯ ಹೇಳಿದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಾವ ಸದಾಶಿವಯ್ಯ ಮುರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡ.

"ಬಡ್ತಿ ಕೊಡಾಕಾ?"

"ಅಲ್ಲ ಮಾವ. ಯಾರನ್ನ ಇಟ್ಕೋಬೇಕು, ಯಾರನ್ನ ಕಳಿಸ್ಬೇಕು ಅಂತ ನೋಡಾಕೆ. ಎಲ್ಲರನ್ನೂ ಮತ್ತೆ ಸಂದರ್ಶನ ಮಾಡ್ತಾರಂತೆ."

"ಹದಿನೆಂಟು ವರ್ಷ ದುಡಿಸ್ಕಂಡೋರು ಈಗ ಮತ್ತೆ ಹೆಣ್ಣು ನೋಡಾಕೆ ಬತ್ತಾರಾ?" ಎಂದಳು ಅತ್ತೆ ಗುರುಶಾಂತಮ್ಮ, ಒಲೆಯ ಮುಂದಿನಿಂದಲೇ.

ಮಗಳು ಇಂಪನಾಳೊಬ್ಬಳಿಗೆ ನಗು ಬಂತು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

ಸೌಂದರ್ಯ ಕೆಲಸ ಮಾಡುತ್ತಿದ್ದುದು ನೀಲಗಗನ ಏರ್‌ವೇಸ್ ಎಂಬ ಹಳೆಯ ವಿಮಾನ ಸಂಸ್ಥೆಯಲ್ಲಿ, ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ. ದೇವನಹಳ್ಳಿಯ ಹತ್ತಿರ ಇನ್ನಿಬ್ಬರು ಹೆಂಗಸರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ವಾರದ ರಜೆ ಸಿಕ್ಕಾಗ ಬಸ್ಸು ಹತ್ತಿ ಕಿಬ್ಬನಹಳ್ಳಿಯ ತೋಟದ ಮನೆಗೆ ಬರುತ್ತಿದ್ದಳು. ಗಂಡ ಯೋಗೀಶ್ ಕ್ರಾಸಿನಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದ. ಮಗಳು ಇಂಪನಾ ತಿಪಟೂರಿನಲ್ಲಿ ಬಿ.ಕಾಂ. ಓದುತ್ತಿದ್ದಳು. ತೋಟದ ಕೊಬ್ಬರಿಯ ದುಡ್ಡು ವರ್ಷಕ್ಕೊಂದು ಸಲ ಬರುತ್ತಿತ್ತು. ತಿಂಗಳ ಸಂಸಾರ ನಡೆಯುತ್ತಿದ್ದುದು ಸೌಂದರ್ಯಳ ಸಂಬಳದಲ್ಲಿ.

ನೀಲಗಗನ ಎರಡು ವರ್ಷದ ಹಿಂದೆ ಕೈ ಬದಲಾಗಿತ್ತು. ಅಗ್ಗದ ಟಿಕೆಟ್ಟಿನ ಹೊಸ ವಿಮಾನಗಳ ಎದುರು ವರ್ಷವರ್ಷವೂ ನಷ್ಟ ತೋರಿಸುತ್ತಿದ್ದ ಸಂಸ್ಥೆ ಅದು. ಕೊಂಡ ಮಾಲೀಕರು ಮೊದಲು ಪಟ್ಟಣದೊಳಗಿನ ಟಿಕೆಟ್ ಕಚೇರಿಗಳನ್ನು ಮುಚ್ಚಿದರು. ಆಮೇಲೆ ವಿಮಾನದಲ್ಲಿ ಕೊಡುತ್ತಿದ್ದ ಊಟ ನಿಂತಿತು. ಬೇಕಾದವರು ಕೊಂಡು ತಿನ್ನಬೇಕು. ಹಳೆಯ ವಿಮಾನಗಳನ್ನು ಮಾರಿದರು. ಜನ ಕಡಿಮೆಯಿದ್ದ ಮಾರ್ಗಗಳನ್ನು ಕೈಬಿಟ್ಟರು. ನೆಲದ ಮೇಲಿನ ಕೆಲಸಕ್ಕೆಂದೇ ಒಂದು ಅಂಗಸಂಸ್ಥೆ ಶುರುವಾಯಿತು. ಅಲ್ಲಿ ಸೇರುವವರಿಗೆಲ್ಲ ಮೂರು ವರ್ಷದ ಗುತ್ತಿಗೆ. ಈಗ ಹಳೆಯ ಕಾಯಂ ನೌಕರರ ಸರದಿ. ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕು, ಇಲ್ಲವೇ ಮರು ಆಯ್ಕೆಯಲ್ಲಿ ಪಾಸಾಗಬೇಕು. ಬೆಂಗಳೂರಿನ ಕೌಂಟರುಗಳಲ್ಲಿ ಮೂರಕ್ಕೆ ಒಂದು ಉಳಿಯುತ್ತದೆ, ಉಳಿದ ಜಾಗದಲ್ಲಿ ಪ್ರಯಾಣಿಕರೇ ಸಾಮಾನು ತೂಗಿ ಹಾಕುವ ಯಂತ್ರ ಬರುತ್ತದೆ ಎಂದು ಎಲ್ಲರ ಮೊಬೈಲಿಗೂ ಸುತ್ತೋಲೆ ಬಂದಿತ್ತು.

"ಅವ್ರು ಕೊಡೋ ಗಂಟು ಇಸ್ಕಂಡು ಬಂದ್ಬುಡು ಅಂದ್ರೆ ಕೇಳಲ್ಲ," ಎಂದ ಯೋಗೀಶ್.

"ಆ ಗಂಟು ಎಷ್ಟು ದಿನ ಬರುತ್ತೆ ರೀ? ಇವಳು ಇನ್ನೂ ಎರಡನೇ ವರ್ಷ ಓದ್ತಾವ್ಳೆ. ನಿಮ್ಮ ಅಂಗಡಿಗೆ ಮಳೆಗಾಲ ಬಂದ್ರೆ ಒಂದು ಮೋಟರೂ ಬರಲ್ಲ."

"ನನ್ ಅಂಗಡಿ ಸುದ್ದಿ ಯಾಕೀಗ?"

"ಉಣ್ಣಿ, ಉಣ್ಣಿ," ಎಂದ ಸದಾಶಿವಯ್ಯ. "ತಟ್ಟೆ ಮುಂದೆ ಜಗಳ ಬ್ಯಾಡ."

ಮರುದಿನ ಬೆಳಿಗ್ಗೆ ಸೌಂದರ್ಯ ನಡುಮನೆಯಲ್ಲಿ ಸೂಟ್‌ಕೇಸು ಬಿಚ್ಚಿಕೊಂಡು ಕೂತಳು. ಎರಡು ಸೀರೆ, ಇಸ್ತ್ರಿ ಮಾಡಿದ ಸಮವಸ್ತ್ರ, ಕಪ್ಪು ಬೂಟು, ತಲೆಗೆ ಹಚ್ಚುವ ಎಣ್ಣೆಯ ಬಾಟಲಿ. ಎಣ್ಣೆಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಸೂಟ್‌ಕೇಸನ್ನು ವಿಮಾನದ ಹೊಟ್ಟೆಗೇ ಹಾಕಬೇಕಿತ್ತು. ಗುರುಶಾಂತಮ್ಮ ಮೊರದಲ್ಲಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಬೆಲ್ಲದ ಚೂರು, ಎರಡು ಕೊಬ್ಬರಿ ಗಿಟುಕು ಇಟ್ಟುಕೊಂಡು ಬಂದಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪೊಡೆದು ಬಿಡಿಸಿದ ಇಡೀ ಉಂಡೆಗಳು.

"ಬಾ, ಮಡಿಲು ಕಟ್ತೀನಿ. ದೊಡ್ಡ ಕೆಲಸಕ್ಕೆ ಹೊರಟೋಳು ಬರೀ ಸೆರಗಲ್ಲಿ ಹೋಗ್ಬಾರ್ದು."

"ಅಕ್ಕಿ ಹಾಕಿ ಅತ್ತೆ, ಕೊಬ್ಬರಿ ಬ್ಯಾಡ. ವಿಮಾನಕ್ಕೆ ಬಿಡಲ್ಲ."

"ಯಾಕಂತೆ?"

"ಎಣ್ಣೆ ಅಂಶ ಜಾಸ್ತಿ ಇರುತ್ತೆ, ಬೆಂಕಿ ಹತ್ಕಳುತ್ತೆ ಅಂತ. ದಿನಾ ಜನರ ಚೀಲ ಬಿಚ್ಚಿಸಿ ತೆಗೆಸೋಳು ನಾನೇ."

ಗುರುಶಾಂತಮ್ಮ ತಲೆಯೆತ್ತಿ ಅಟ್ಟದ ಕಡೆ ನೋಡಿದಳು. "ಈ ಮನೆಗೆ ಬಂದು ಐವತ್ತು ವರ್ಷ ಆಯ್ತು. ಕೆಳಗೆ ಒಲೆ ಉರೀತದೆ, ಮ್ಯಾಲೆ ಸಾವಿರಗಟ್ಟಲೆ ಕಾಯಿ ಐತೆ. ಒಂದು ದಿನ ಕಿಡಿ ಕಂಡಿಲ್ಲ. ನಿನ್ ವಿಮಾನದಾಗೆ ಎರಡು ಗಿಟುಕಿಗೆ ಬೆಂಕಿ ಹತ್ತುತ್ತಾ?"

"ನಿಯಮ ಮಾಡಿದೋಳು ನಾನಲ್ಲ ಅತ್ತೆ."

"ಕೊಬ್ಬರಿ ಇಲ್ದೆ ಮಡಿಲು ಕಟ್ಟೋದು ಯಾರ ಮನೇಲೂ ಇಲ್ಲ ಕಣಮ್ಮ. ಅದು ಅಪಶಕುನ."

"ಹಂಗಾರೆ ಕಟ್ಟಲೇಬ್ಯಾಡಿ," ಎಂದು ಸೌಂದರ್ಯ ಸ್ನಾನಕ್ಕೆ ಎದ್ದು ಹೋದಳು.

ಸೂಟ್‌ಕೇಸು ತೆರೆದೇ ಇತ್ತು.

*

ಆ ಮಧ್ಯಾಹ್ನ ಕೌಂಟರಿನಲ್ಲಿದ್ದವಳು ಪುಷ್ಪಲತಾ. ಅವಳೂ ಕಿಬ್ಬನಹಳ್ಳಿಯವಳೇ. ಅವಳ ಅಪ್ಪ ಚಿಕ್ಕಹನುಮಯ್ಯ ಸದಾಶಿವಯ್ಯನ ಮನೆಯಲ್ಲಿ ಕಾಯಿ ಸುಲಿಯುತ್ತಿದ್ದ, ಅವ್ವ ಭೂತಮ್ಮ ಚಿಪ್ಪೊಡೆದು ಕೊಬ್ಬರಿ ಬಿಡಿಸುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿಯನ್ನು ಅಂಗಸಂಸ್ಥೆಯ ಗುತ್ತಿಗೆಗೆ ಸೇರಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದ್ದು ಸೌಂದರ್ಯ.

ಸಾಲು ಉದ್ದವಿತ್ತು. ಪುಷ್ಪಲತಾ ಸೂಟ್‌ಕೇಸನ್ನು ತೂಕಕ್ಕೆ ಎಳೆದುಕೊಂಡು ಚೀಟಿ ಸುತ್ತಿದಳು.

"ಚೆನ್ನಾಗಿ ಉತ್ತರ ಹೇಳಿ ಬನ್ನಿ ಅಕ್ಕ. ನೀವು ಹೋದ್ರೆ ನನಗಿಲ್ಲಿ ಯಾರೂ ಇಲ್ಲ."

"ನೀನು ಸಾಲು ನೋಡು," ಎಂದು ಸೌಂದರ್ಯ ನಕ್ಕು ಮುಂದೆ ಹೋದಳು.

ವಿಮಾನ ಹತ್ತುವ ಬಾಗಿಲ ಬಳಿ ಅವಳ ಹೆಸರು ಕೂಗಿದರು. ಸಾಮಾನು ತಪಾಸಣೆಯ ಕೋಣೆಗೆ ಬರಬೇಕು ಎಂದರು. ಅಲ್ಲಿ ಭದ್ರತಾ ಸಿಬ್ಬಂದಿ ಪರದೆಯ ಮೇಲೆ ಎರಡು ದುಂಡನೆ ನೆರಳು ತೋರಿಸಿದರು. ಸೂಟ್‌ಕೇಸು ತೆರೆದಾಗ ಸಮವಸ್ತ್ರದ ಮಡಿಕೆಯೊಳಗೆ ಅತ್ತೆಯ ಹಳೆಯ ಸೀರೆಯ ತುಂಡಿನ ಗಂಟು ಕಂಡಿತು. ಬಿಚ್ಚುವ ಮೊದಲೇ ಸೌಂದರ್ಯ, "ಕೊಬ್ಬರಿ," ಎಂದಳು.

ಬೇರೆ ಪ್ರಯಾಣಿಕರದಾಗಿದ್ದರೆ ಕೊಬ್ಬರಿ ತೆಗೆದು ಬುಟ್ಟಿಗೆ ಹಾಕಿ ಚೀಲವನ್ನು ಮುಂದಕ್ಕೆ ಬಿಡುತ್ತಿದ್ದರು. ಆದರೆ ಇದು ಸಂಸ್ಥೆಯ ಸಿಬ್ಬಂದಿಯ ಚೀಲ. ಅಪಾಯಕಾರಿ ವಸ್ತುಗಳನ್ನು ಗುರುತಿಸುವ ತರಬೇತಿ ಪಡೆದು ಇನ್ನೊಬ್ಬರಿಗೆ ಕಲಿಸಿದವಳ ಚೀಲ. ವರದಿ ಅಂದೇ ಮುಂಬೈಗೆ ಹೋಯಿತು. ಪ್ರಯಾಣ ರದ್ದು, ಸಂದರ್ಶನ ರದ್ದು. ಸಂಜೆಯೊಳಗೆ ಕರ್ತವ್ಯದ ಪಟ್ಟಿಯಿಂದ ಅವಳ ಹೆಸರು ತೆಗೆದು, ವಿಚಾರಣೆಯವರೆಗೆ ಮನೆಯಲ್ಲಿರಲು ಹೇಳಿದರು.

*

"ಇಟ್ಟೋಳು ನಾನೇ," ಎಂದಳು ಗುರುಶಾಂತಮ್ಮ. ಸೊಸೆ ಮನೆಯೊಳಗೆ ಬಂದು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ನೀನು ಸ್ನಾನಕ್ಕೆ ಹೋದಾಗ ಇಟ್ಟೆ. ಒಳ್ಳೇದಾಗ್ಲಿ ಅಂತ ಇಟ್ಟೆ."

ಸೌಂದರ್ಯ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಈರುಳ್ಳಿ ಹೆಚ್ಚಲು ಕೂತಳು. ಗುರುಶಾಂತಮ್ಮ ಅವಳ ಎದುರಿಗೇ ನಿಂತಿದ್ದಳು.

"ಬೈಯಮ್ಮ. ಬೈದ್ಬುಡು."

"ಬೈದ್ರೆ ಏನಾಗುತ್ತೆ ಅತ್ತೆ?"

ಆ ದಿನದಿಂದ ಮನೆಯಲ್ಲಿ ಫೋನು ಸದ್ದು ಮಾಡಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಸದಾಶಿವಯ್ಯ ತೊಟ್ಟಿಯ ಬಳಿ ಎಮ್ಮೆ ಮೈ ತೊಳೆಯುತ್ತಿದ್ದವನು ಬಕೆಟ್ಟು ಹಿಡಿದೇ ಬಾಗಿಲಿಗೆ ಬರುತ್ತಿದ್ದ. ಹೆಚ್ಚಿನ ಸಲ ಅದು ಇಂಪನಾಳ ಗೆಳತಿಯರ ಕರೆ.

ಒಂದು ವಾರದ ಮೇಲೆ ವಿಚಾರಣೆಯ ನೋಟಿಸು ಮೊಬೈಲಿಗೆ ಬಂತು. ಇಂಪನಾ ಅದನ್ನು ಓದಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದಳು. ಪ್ರತಿ ಪ್ರಯಾಣಿಕರನ್ನೂ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕೆಂಬ ನಿಯಮವಿದೆ: ಈ ಚೀಲವನ್ನು ನೀವೇ ತುಂಬಿದ್ದೀರಾ, ಇದರಲ್ಲಿ ನಿಷೇಧಿತ ವಸ್ತು ಏನಾದರೂ ಇದೆಯಾ? ಅಂದು ಪುಷ್ಪಲತಾ ಆ ಪ್ರಶ್ನೆ ಕೇಳಿದಳೋ ಇಲ್ಲವೋ ಎಂಬುದೇ ವಿಚಾರಣೆಯ ವಿಷಯ. ಕ್ಯಾಮೆರಾದಲ್ಲಿ ಚಿತ್ರವಿದೆ, ಮಾತು ಕೇಳಿಸುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಕೂಡದು.

"ಕೇಳಿದ್ಲು ಅಂತ ಆದ್ರೆ?" ಎಂದ ಸದಾಶಿವಯ್ಯ.

"ಅಮ್ಮ ಸುಳ್ಳು ಹೇಳಿ ಚೀಲ ಹಾಕಿದ್ಲು ಅಂತ. ಕೆಲಸದಿಂದ ತೆಗೀತಾರೆ ತಾತ. ನಿವೃತ್ತಿ ದುಡ್ಡೂ ಇಲ್ಲ."

"ಕೇಳ್ಲಿಲ್ಲ ಅಂತ ಆದ್ರೆ?"

"ತಪ್ಪು ಕೌಂಟರಿಂದು. ಅಮ್ಮಂಗೆ ಎಚ್ಚರಿಕೆ ಕೊಟ್ಟು ಬಿಡ್ಬಹುದು, ಸಂದರ್ಶನಕ್ಕೆ ಮತ್ತೆ ಕರೀಬಹುದು. ಪುಷ್ಪಕ್ಕನ ಗುತ್ತಿಗೆ ಅವತ್ತೇ ರದ್ದು."

ಯೋಗೀಶ್ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಲಾ?"

"ಇಲ್ಲ."

"ಮತ್ತಿನ್ನೇನು? ಇದ್ದಿದ್ದು ಇದ್ದಂಗೆ ಹೇಳು. ಸುಳ್ಳು ಹೇಳು ಅಂತ ನಾನೇನೂ ಹೇಳ್ತಿಲ್ವಲ್ಲ."

"ನಮ್ಮ ಸಿಬ್ಬಂದಿ ಬಂದ್ರೆ ಕೇಳ್ಬ್ಯಾಡ, ಹಿಂದೆ ಸಾಲು ಬೆಳೀತದೆ ಅಂತ ಅವಳಿಗೆ ಹೇಳಿಕೊಟ್ಟೋಳೇ ನಾನು. ಅಲ್ಲಿ ಎಲ್ಲರೂ ಹಂಗೇ ಮಾಡೋದು. ಕೇಳಿದ್ರೂ ನಾನೇ ತುಂಬಿದ್ದು ಅಂತಿದ್ದೆ. ನನಗೇನು ಗೊತ್ತಿತ್ತು?"

"ಅದೆಲ್ಲ ಅಲ್ಲಿ ಬಿಡಿಸಿ ಹೇಳೋಕೆ ಹೋಗ್ಬ್ಯಾಡ. ಕೇಳ್ಲಿಲ್ಲ ಅನ್ನು, ಎದ್ದು ಬಾ."

"ಅವಳ ಕೆಲಸ?"

"ಗುತ್ತಿಗೆಯೋಳು. ಇವತ್ತಲ್ಲ ನಾಳೆ ಹೋಗೋದೇ," ಎಂದ ಸದಾಶಿವಯ್ಯ.

"ತಾತ, ಯಂತ್ರ ಬಂದ್ರೆ ಅಮ್ಮಂದೂ ಇವತ್ತಲ್ಲ ನಾಳೆನೇ," ಎಂದಳು ಇಂಪನಾ.

"ದೊಡ್ಡೋರು ಮಾತಾಡುವಾಗ ಮಧ್ಯೆ ಬಾಯಿ ಹಾಕ್ಬ್ಯಾಡ ಕಣೇ!" ಎಂದು ಯೋಗೀಶ್ ಕೂಗಿದ. ಅವನ ದನಿಗೆ ಹೊರಗೆ ಕಟ್ಟಿದ್ದ ನಾಯಿ ಬೊಗಳಿತು.

ಸದಾಶಿವಯ್ಯ ಮನೆಯ ಖರ್ಚಿಗೆ ಕೈ ಹಾಕಿದ್ದು ಆ ವಾರವೇ. ಟಿ.ವಿ. ರೀಚಾರ್ಜ್ ಬೇಡ ಎಂದ. ಮನೆಗೆ ಇಟ್ಟುಕೊಳ್ಳುತ್ತಿದ್ದ ಹಾಲಿನಲ್ಲಿ ಅರ್ಧವನ್ನು ಡೇರಿಗೆ ಹಾಕಿಸತೊಡಗಿದ. ಸಂಜೆಯ ಕಾಫಿ ನಿಂತಿತು. ಅಟ್ಟದ ಕಾಯಿ ಇಳಿಸುವ ಹೊತ್ತಿಗೆ ಚಿಕ್ಕಹನುಮಯ್ಯನನ್ನು ಮಾತ್ರ ಬರಹೇಳಿದ.

"ಸುಲಿಯೋದು ಒಂದು ನೀನು ಮಾಡು. ಚಿಪ್ಪು ಒಡೆಯೋದು ಈ ಸಲ ಮನೇಲೇ ಮಾಡ್ಕತೀವಿ. ಭೂತಮ್ಮ ಬರೋದು ಬ್ಯಾಡ."

ಚಿಕ್ಕಹನುಮಯ್ಯ ಸುಲಿಯುವ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರಿ ಸರಿಯಾಗಿ ನಿಂತಿದೆಯೇ ಎಂದು ಅಲ್ಲಾಡಿಸಿ ನೋಡಿದ. "ಆಯ್ತು ಬುಡಿ ಅಯ್ಯಾ," ಎಂದ. ಮೊದಲ ಕಾಯಿ ಎತ್ತಿ ಸಲಾಕೆಗೆ ಚುಚ್ಚಿದ.

ಚಿಪ್ಪು ಒಡೆಯಲು ಗುರುಶಾಂತಮ್ಮ ಕೂತಳು. ಮಚ್ಚಿನ ಹಿಂಭಾಗದಿಂದ ಸುತ್ತಲೂ ತಟ್ಟಿ, ಒಳಗಿನ ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಕಳಚಬೇಕು. ಒಡೆದ ಕೊಬ್ಬರಿಗೆ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ. ಮೊದಲ ದಿನವೇ ಹೆಬ್ಬೆರಳಿಗೆ ಏಟು ಬಿತ್ತು. ಸೌಂದರ್ಯ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು.

"ಏಳಿ ಅತ್ತೆ, ನಾನು ಮಾಡ್ತೀನಿ."

"ಬ್ಯಾಡ. ನೀನು ಫೋನ್ ಹತ್ರ ಇರು."

ಮೂರನೆಯ ದಿನ ಭೂತಮ್ಮ ಬಂದಳು. ಕೆಲಸಕ್ಕಲ್ಲ. ಜಗಲಿಯ ಅಂಚಿನಲ್ಲಿ ಕೂತಳು. ಜಗಲಿಯ ಗೂಡಿನಲ್ಲಿ ಅವಳ ಲೋಟ ಇರುತ್ತಿತ್ತು. ಗುರುಶಾಂತಮ್ಮ ಅದರಲ್ಲಿ ಮಜ್ಜಿಗೆ ತಂದುಕೊಟ್ಟಳು. ಭೂತಮ್ಮ ಕುಡಿಯಲಿಲ್ಲ.

"ಅಮ್ಮಾರೆ, ನನ್ ಮಗ್ಳು ಫೋನ್ ಮಾಡಿದ್ರೆ ಬರೀ ಅಳ್ತಾಳೆ. ಏನಾಯ್ತು ಅಂದ್ರೆ ಹೇಳಲ್ಲ. ಊರಲ್ಲಿ ಜನ ಒಂದೊಂದು ಥರ ಅಂತಾರೆ. ಅವಳ ಮ್ಯಾಲೆ ಏನೂ ಬರಾಕಿಲ್ಲ, ಅಲ್ವಾ?"

ಗುರುಶಾಂತಮ್ಮ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿದಳು.

"ಬರಾಕಿಲ್ಲ ಕಣೇ. ನಮ್ ಸೌಂದರ್ಯ ಇದಾಳಲ್ಲ."

"ಅಷ್ಟೇ ಸಾಕು ಬುಡಿ. ಸೌಂದ್ರಮ್ಮಾರು ಇದ್ದ ಮ್ಯಾಲೆ ನನಗೇನು," ಎಂದು ಭೂತಮ್ಮ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದಳು. ಎದ್ದು ಹೋಗುವಾಗ ಬಟ್ಟೆ ಕಟ್ಟಿದ ಹೆಬ್ಬೆರಳು ನೋಡಿ, "ನನ್ನ ಕರೆದಿದ್ರೆ ಬತ್ತಿದ್ನಲ್ಲ, ಕೂಲಿ ಕೇಳ್ತಿದ್ನಾ?" ಎಂದಳು.

ಸೌಂದರ್ಯ ಕಿಟಕಿಯ ಹಿಂದೆ ನಿಂತಿದ್ದಳು. ಅತ್ತೆ ಒಳಗೆ ಬಂದಾಗ ಕೇಳಿದಳು, "ನನ್ನ ಕೇಳ್ದೆ ಯಾಕೆ ಮಾತು ಕೊಟ್ರಿ?"

"ಮಗಳ ಮ್ಯಾಲೆ ಬರುತ್ತೆ ಅಂತ ಹೆಂಗೆ ಹೇಳ್ಲೇ? ಅವಳ ಮುಖ ನೋಡಿದ್ಯಾ?"

"ನಿಮ್ಮ ಮಗ ಒಂದು ಹೇಳ್ತಾರೆ. ನೀವು ಒಂದು ಹೇಳ್ತೀರ. ನಾನು ಅಲ್ಲಿ ಹೋಗಿ ಏನಂತ ಹೇಳ್ಲಿ?"

"ನಾನೂ ಬತ್ತೀನಿ," ಎಂದಳು ಗುರುಶಾಂತಮ್ಮ. "ಇಟ್ಟೋಳು ನಾನು ಅಂತ ನಾನೇ ಹೇಳ್ತೀನಿ. ಕೊಬ್ಬರಿ ಇಟ್ಟಿದ್ದಕ್ಕೆ ಒಬ್ಬ ಮುದುಕೀನ ಜೈಲಿಗೆ ಹಾಕ್ತಾರಾ?"

ವಿಚಾರಣೆಯ ದಿನ ಬರುವವರೆಗಿನ ಮೂರು ವಾರ ಪುಷ್ಪಲತಾಳಿಂದ ಒಂದು ಕರೆಯೂ ಬರಲಿಲ್ಲ. ನಿಷೇಧವಿತ್ತು, ನಿಜ. ಆದರೂ ಊರಿಗೆ ಬಂದವಳು ಮನೆಯ ಮುಂದಿನ ರಸ್ತೆ ಬಿಟ್ಟು ಕೆರೆಯ ಕಡೆಯಿಂದ ಸುತ್ತಿಕೊಂಡು ಹೋದಳು ಎಂದು ಯೋಗೀಶ್‌ಗೆ ಅಂಗಡಿಯಲ್ಲಿ ಯಾರೋ ಹೇಳಿದರು. ಅವನು ಅದನ್ನು ಊಟದ ಹೊತ್ತಿಗೆ ಹೇಳಿದ.

"ನೀನು ಅವಳಿಗಾಗಿ ಸಾಯ್ತಿದ್ದೀಯ. ಅವಳು ಆಗ್ಲೇ ತನ್ನ ದಾರಿ ನೋಡ್ಕಂಡವ್ಳೆ."

"ಏನ್ ದಾರಿ?"

"ಕೇಳ್ದೆ ಅಂತ ಹೇಳಿದ್ರೆ ಅವಳ ಕೆಲಸ ಉಳೀತದೆ. ಅಷ್ಟು ಬುದ್ಧಿ ಇಲ್ವಾ ಅವಳಿಗೆ? ಡಿಗ್ರಿ ಓದವ್ಳೆ."

ಸೌಂದರ್ಯ ತಟ್ಟೆಗೆ ನೀರು ಹಾಕಿಕೊಂಡು ಎದ್ದಳು. ಅನ್ನ ಹಾಗೇ ಇತ್ತು.

*

ವಿಚಾರಣೆ ನಡೆದದ್ದು ವಿಮಾನ ನಿಲ್ದಾಣದ ಸರಕು ಕಟ್ಟಡದ ಎರಡನೆಯ ಮಹಡಿಯಲ್ಲಿ. ಅತ್ತೆ ಸೊಸೆ ಮೊದಲ ಬಸ್ಸಿಗೇ ಹೊರಟು, ಮೆಜೆಸ್ಟಿಕ್ಕಿನಲ್ಲಿ ಇಳಿದು, ವಿಮಾನ ನಿಲ್ದಾಣದ ಬಸ್ಸು ಹತ್ತಿದರು. ಗುರುಶಾಂತಮ್ಮ ಹಣೆಗೆ ವಿಭೂತಿ ಧರಿಸಿ, ಮಡಿಲಲ್ಲಿ ಚಪಾತಿಯ ಡಬ್ಬಿ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಅಧಿಕಾರಿಯ ಮುಂದೆ ಹೇಳಬೇಕಾದ ಮಾತನ್ನು ಅವಳು ಕಲಿತುಕೊಳ್ಳುತ್ತಿದ್ದಳು.

ಬಾಗಿಲ ಮೇಲೆ ತೋಂಟದಾರ್ಯ ಎಂಬ ಹೆಸರಿತ್ತು. ಸೌಂದರ್ಯ ಓದಿ ಹೇಳಿದಾಗ ಗುರುಶಾಂತಮ್ಮನ ಮುಖ ಅರಳಿತು.

"ನಮ್ಮೋರೇ ಕಣೇ! ನೋಡು, ಎಲ್ಲಾ ಸರಿ ಹೋಗುತ್ತೆ."

ಐವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ. ಎದ್ದು ನಿಂತೇ ಕೈ ಮುಗಿದ. ಗುರುಶಾಂತಮ್ಮ ಕಲಿತು ಬಂದದ್ದನ್ನೆಲ್ಲ ಒಂದೇ ಸಮನೆ ಹೇಳಿದಳು: ಮಡಿಲು ಕಟ್ಟುವ ಪದ್ಧತಿ, ಸೊಸೆ ಬೇಡವೆಂದದ್ದು, ತಾನು ಕದ್ದು ಇಟ್ಟದ್ದು. ಅವನು ಕೊನೆಯವರೆಗೂ ಕೇಳಿದ.

"ತಾಯಿ, ನೀವು ನಮ್ಮ ನೌಕರರಲ್ಲ. ನಿಮ್ಮ ಮಾತನ್ನ ನಾನು ಬರ್ಕೊಳ್ಳೋ ಹಂಗಿಲ್ಲ. ಹೊರಗೆ ಫ್ಯಾನಿನ ಕೆಳಗೆ ಕೂಡ್ರಿ. ಯಾರಾದ್ರೂ ನೀರು ಕೊಡ್ತಾರೆ."

ಬಾಗಿಲು ಮುಚ್ಚಿತು. ಅವನು ಕಂಪ್ಯೂಟರಿನ ಕಡೆ ತಿರುಗಿ ಕೂತ.

"ಮೇಡಂ, ಒಂದೇ ಪ್ರಶ್ನೆ. ಪುಷ್ಪಲತಾ ತಮ್ಮ ಹೇಳಿಕೆ ಕೊಟ್ಟಾರೆ. ಚೀಲ ಯಾರು ತುಂಬಿದ್ದು ಅಂತ ಕೇಳಿದೆ, ನಾನೇ ತುಂಬಿದ್ದು, ಏನೂ ಇಲ್ಲ ಅಂತ ನೀವು ಹೇಳಿದ್ರಿ ಅಂತ. ಹೌದೇನ್ರಿ?"

ಸೌಂದರ್ಯ ಅವನನ್ನೇ ನೋಡಿದಳು. "ಹಂಗಂತ ಹೇಳಿದ್ಲಾ?"

"ನೀವು ನಿಮ್ಮದು ಹೇಳ್ರಿ. ಅವರು ಸಣ್ಣ ವಯಸ್ಸಿನವರು, ತಮ್ಮ ಕೆಲಸ ಉಳಿಸ್ಕೊಳ್ಳೋದು ಸಹಜ. ನಿಮ್ಮದು ಹದಿನೆಂಟು ವರ್ಷದ ಸರ್ವಿಸು."

ಗೋಡೆಯ ಆಚೆ ಸರಕು ಎಳೆಯುವ ಗಾಡಿ ಹಿಂದಕ್ಕೆ ಚಲಿಸುವಾಗಿನ ಪೀಪಿ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಇಲ್ಲ ಸರ್. ಅವಳು ಕೇಳ್ಲಿಲ್ಲ."

"ಪ್ರಶ್ನೆ ಕೇಳದೇನೇ ಚೀಟಿ ಹಾಕಿದ್ರು?"

"ಹೂಂ."

ಅವನು ಬೆರಳಚ್ಚು ಮಾಡಿ, ಮುದ್ರಿಸಿ, ಪೆನ್ನು ಕೊಟ್ಟ. ಸೌಂದರ್ಯ ಸಹಿ ಹಾಕಿದಳು. ಮೊದಲ ಸಲ ಪೆನ್ನು ಮೂಡಲಿಲ್ಲ. ಎರಡನೆಯ ಸಲ ಒತ್ತಿ ಬರೆದಳು.

ಹೊರಗೆ ಬಂದರೆ ಬೆಂಚಿನ ಮೇಲೆ ಅತ್ತೆಯ ಪಕ್ಕದಲ್ಲಿ ಪುಷ್ಪಲತಾ ಕೂತಿದ್ದಳು. ಸಮವಸ್ತ್ರದಲ್ಲಿದ್ದಳು, ಕಣ್ಣು ಊದಿತ್ತು. ಗುರುಶಾಂತಮ್ಮ ಅವಳಿಗೆ ಡಬ್ಬಿಯಿಂದ ಚಪಾತಿ ಕೊಟ್ಟಿದ್ದಳು. ಅವಳು ಅದನ್ನು ಹಿಡಿದುಕೊಂಡಿದ್ದಳಷ್ಟೆ. ಸೌಂದರ್ಯಳನ್ನು ಕಂಡು ಎದ್ದು ನಿಂತಳು.

"ಅಕ್ಕ."

"ನಿಂದು ಯಾವಾಗ ಆಯ್ತು?"

"ಏನಕ್ಕ?"

"ಹೇಳಿಕೆ. ಯಾವಾಗ ಕೊಟ್ಟೆ?"

"ಎಲ್ಲಿ ಕೊಟ್ಟೆ? ಈಗ ತಾನೇ ಬಂದೆ. ನಿಮ್ಮದು ಮುಗಿದ ಮೇಲೆ ಕರೀತೀವಿ ಅಂದ್ರು."

"ಮುಂಚೆ ಬರೆದು ಕಳ್ಸಿದ್ಯಾ? ಫೋನಲ್ಲಿ ಏನಾದ್ರೂ ಹೇಳಿದ್ಯಾ?"

"ಏನೂ ಇಲ್ಲಕ್ಕ. ಎರಡು ಸಲ ಕೇಳಿದ್ರು. ಅಕ್ಕನ ಮುಂದೆ ಹೇಳ್ತೀನಿ ಅಂದೆ." ಅವಳು ದನಿ ತಗ್ಗಿಸಿದಳು. "ನೀವು ಒಳಗೆ ಏನು ಹೇಳಿದ್ರಿ ಹೇಳಿ. ನಾನೂ ಅದನ್ನೇ ಹೇಳ್ತೀನಿ. ಇಬ್ಬರ ಮಾತೂ ಒಂದೇ ಇರ್ಲಿ. ಹೆದರ್ಕೊಂಡು ನಿಮ್ಮನೆ ಕಡೆ ಬರೋಕೂ ಆಗ್ಲಿಲ್ಲ, ಯಾರಾದ್ರೂ ನೋಡಿ ಹೇಳ್ಬುಟ್ರೆ ನಿಮಗೇ ತೊಂದ್ರೆ ಅಂತ."

ಗುರುಶಾಂತಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಅದು ಅವಳ ಕೈಯಲ್ಲೇ ಇತ್ತು.

ಸೌಂದರ್ಯ ತಿರುಗಿ ಬಾಗಿಲು ತಳ್ಳಿ ಒಳಗೆ ಹೋದಳು. ತಟ್ಟಲಿಲ್ಲ.

"ಸರ್, ನಾನು ಹೇಳಿದ್ದು ತಪ್ಪು. ಅವಳು ಕೇಳಿದ್ಲು. ನಾನೇ ತುಂಬಿದ್ದು, ಏನೂ ಇಲ್ಲ ಅಂದೆ ನಾನು."

ತೋಂಟದಾರ್ಯ ಚಹಾ ಲೋಟ ಕೆಳಗಿಟ್ಟ.

"ಅಂದ್ರೆ ಸ್ವಲ್ಪ ಹೊತ್ತಿನ ಮೊದಲು ಸುಳ್ಳು ಹೇಳಿದ್ರಿ."

"ಹೂಂ."

"ಇಲ್ಲಾಂದ್ರ ಈಗ ಸುಳ್ಳು ಹೇಳಾಕತ್ತೀರಿ."

"ಅವಳು ಹೇಳಿಕೆನೇ ಕೊಟ್ಟಿರ್ಲಿಲ್ಲ ಸರ್. ನೀವು ಕೊಟ್ಟವ್ಳೆ ಅಂದ್ರಿ."

"ಅದನ್ನ ಬರೀಬೇಕೇನ್ರಿ?" ಎಂದು ಕೇಳಿದ, ದನಿ ಸ್ವಲ್ಪವೂ ಏರಿಸದೆ. "ಬೇಡ ಬಿಡ್ರಿ. ಮೊದಲಿನದು ತೆಗೆಯಾಕ ಬರೂದಿಲ್ಲ, ಸಹಿ ಆಗೇದ. ಇದನ್ನ ಎರಡನೇದು ಅಂತ ಸೇರಿಸ್ತೀನಿ. ಕೂಡ್ರಿ."

ಎರಡನೆಯ ಹಾಳೆಗೂ ಅವಳು ಸಹಿ ಹಾಕಿದಳು. ಹೊರಗೆ ಬಂದಾಗ ಪುಷ್ಪಲತಾಳ ಹೆಸರು ಕೂಗಿದರು. ಬಾಗಿಲಲ್ಲಿ ಇಬ್ಬರೂ ಎದುರಾದರು. ಸೌಂದರ್ಯ, "ಕೇಳ್ದೆ ಅನ್ನು," ಎಂದಳು. ಹಿಂದೆಯೇ ಅಟೆಂಡರ್ ನಿಂತಿದ್ದರಿಂದ ಪಿಸುಗುಟ್ಟಿದ ಆ ಮಾತು ಸರಿಯಾಗಿ ಕೇಳಿಸಲಿಲ್ಲ. ಪುಷ್ಪಲತಾ "ಆಂ?" ಎನ್ನುವಷ್ಟರಲ್ಲಿ ಅಟೆಂಡರ್ ಬಾಗಿಲು ಹಾಕಿದ.

ಅತ್ತೆ ಸೊಸೆ ಬೆಂಚಿನ ಮೇಲೆ ಕಾದರು. ಗುರುಶಾಂತಮ್ಮನಿಗೆ ನೀರು ಕೊಡಲು ಯಾರೂ ಬಂದಿರಲಿಲ್ಲ. ಸೌಂದರ್ಯ ಎದ್ದು ಹೋಗಿ ಮೂಲೆಯ ಯಂತ್ರದಿಂದ ಹಿಡಿದು ತಂದುಕೊಟ್ಟಳು.

"ಸರಿ ಹೋಗುತ್ತೇನೇ?"

"ಗೊತ್ತಿಲ್ಲ ಅತ್ತೆ."

"ನಮ್ಮೋರು ಅಂದ್ಕಂಡೆ."

ಪುಷ್ಪಲತಾ ಹೊರಗೆ ಬಂದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ. ನಿರಾಳವಾದವಳಂತೆ ಬಂದು ಸೌಂದರ್ಯಳ ಎದುರು ನಿಂತಳು.

"ನಿಮ್ಮ ಕಾಗದ ಓದೋಕೆ ಕೊಟ್ರು ಅಕ್ಕ. ನೀವು ಹೇಳಿದ್ದು ನಿಜ ಅಂದೆ. ನಾನು ಕೇಳ್ಲಿಲ್ಲ ಅಂತ ಒಪ್ಕೊಂಡು ಸಹಿ ಹಾಕ್ದೆ."

"ಯಾವ ಕಾಗದ?"

"ನೀವು ಬರೆದು ಕೊಟ್ಟಿದ್ದು."

"ಎರಡು ಇತ್ತು ಪುಷ್ಪ. ಎರಡನೇದು ಓದಿದ್ಯಾ?"

"ಎರಡನೇದು ಯಾವ್ದು? ಒಂದೇ ಕೊಟ್ಟಿದ್ದು."

ಸೌಂದರ್ಯ ಬೆಂಚಿನ ಮೇಲೆ ಕೂತಳು. "ನಾನು ಮತ್ತೆ ಒಳಗೆ ಹೋಗಿ ಬದಲಾಯಿಸಿ ಬಂದೆ. ನೀನು ಕೇಳ್ದೆ, ನಾನೇ ಇಲ್ಲ ಅಂದೆ ಅಂತ. ನಿನ್ನ ಮೇಲೆ ಏನೂ ಬರ್ಬಾರ್ದು ಅಂತ."

ಪುಷ್ಪಲತಾ ಲೆಕ್ಕ ಹಾಕುವವಳಂತೆ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಸೌಂದರ್ಯಳನ್ನು ನೋಡಿದಳು.

"ಹಂಗಾರೆ ನಾನು ಕೇಳ್ಲಿಲ್ಲ ಅಂತ ನನ್ನ ತೆಗೀತಾರೆ. ನೀವು ವಿಚಾರಣೇಲಿ ಸುಳ್ಳು ಹೇಳಿದ್ರಿ ಅಂತ ನಿಮ್ಮನ್ನ ತೆಗೀತಾರೆ. ಇಬ್ರುದೂ ಹೋಯ್ತಾ ಅಕ್ಕ?"

ಗುರುಶಾಂತಮ್ಮ ಎದ್ದಳು. "ನಾನು ಹೋಗಿ ಇನ್ನೊಂದ್ಸಲ ಹೇಳ್ತೀನಿ. ಕಾಲು ಹಿಡೀತೀನಿ," ಎಂದು ಬಾಗಿಲಿಗೆ ನಡೆದಳು. ಬಾಗಿಲು ಒಳಗಿನಿಂದಲೇ ತೆರೆಯಿತು. ಅಟೆಂಡರ್ ಹೊರಬಂದ. ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಟ್ರೇ ಇತ್ತು.

"ಮುಂದಿನ ಆದೇಶ ಬರೋವರೆಗೂ ಐ.ಡಿ. ಕಾರ್ಡು ಇಲ್ಲೇ ಕೊಟ್ಟು ಹೋಗ್ಬೇಕಂತೆ. ಇಬ್ಬರೂ."

ಸೌಂದರ್ಯ ಕೊರಳಿಂದ ತನ್ನ ಕಾರ್ಡು ತೆಗೆದು ಟ್ರೇಯಲ್ಲಿ ಇಟ್ಟಳು. ಪುಷ್ಪಲತಾ ಅವಸರದಲ್ಲಿ ಎಳೆದಾಗ ಕಾರ್ಡಿನ ಪಟ್ಟಿ ಜಡೆಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು.

"ತಡಿ, ಕಿತ್ಕೋಬ್ಯಾಡ," ಎಂದು ಸೌಂದರ್ಯ ಹತ್ತಿರ ಹೋದಳು.

ಪುಷ್ಪಲತಾ ಕತ್ತು ಬಗ್ಗಿಸಿ ನಿಂತಳು. ಸೌಂದರ್ಯ ಒಂದೊಂದೇ ಕೂದಲು ಬಿಡಿಸತೊಡಗಿದಳು, ಗಂಟು ಬೇಗ ಬಿಡಲಿಲ್ಲ. ಟ್ರೇ ಹಿಡಿದವನು ಕಾಯುತ್ತ ನಿಂತಿದ್ದ.